ಒಂಬತ್ತು ಇಂಚಿನ ಲೆಕ್ಕ

1976ರ ನವೆಂಬರ್ 16, ಮಂಗಳವಾರ. ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ರಾಜಾಜಿನಗರದ ಕೈಗಾರಿಕಾ ವಸಾಹತಿನಿಂದ ಒಬ್ಬ ಮನುಷ್ಯ ಸೈಕಲ್ಲಿನಲ್ಲಿ ಬಂದು ಠಾಣೆಯ ಮೆಟ್ಟಿಲ ಬಳಿ ಇಳಿದ. ಹೆಸರು ಲಕ್ಷ್ಮೀಪತಿ. ಔಷಧದ ಕ್ಯಾಪ್ಸೂಲು ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್.

ಹೆಡ್ ಕಾನ್‌ಸ್ಟೇಬಲ್ ಏಕಾಂತಯ್ಯ ಪೆನ್ನು ತೆಗೆದರು. "ಏನು ಕಳುವಾಗಿದೆ?"

"ಜೆಲಟಿನ್ ಸಾರ್. ಇಪ್ಪತ್ತೈದು ಕಿಲೋ."

ಏಕಾಂತಯ್ಯನವರ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು. ಒಳಗಿನ ಕೋಣೆಯಲ್ಲಿ ಡೈರಿ ಬರೆಯುತ್ತಿದ್ದ ಇನ್ಸ್‌ಪೆಕ್ಟರ್ ಚನ್ನಕೇಶವನ ಕಿವಿಗೂ ಆ ಮಾತು ಬಿತ್ತು. ತುರ್ತು ಪರಿಸ್ಥಿತಿಯ ದಿನಗಳು. ಕಲ್ಲು ಕ್ವಾರಿಗಳಿಂದ ಬಂಡೆ ಸಿಡಿಸುವ ಜೆಲಟಿನ್ ಕಡ್ಡಿ ಕಾಣೆಯಾದರೆ ತಕ್ಷಣ ತಿಳಿಸಬೇಕೆಂಬ ಸುತ್ತೋಲೆ ಗೋಡೆಯ ಮೇಲೇ ಅಂಟಿತ್ತು. ಎರಡು ಕಡ್ಡಿ ಹೋದರೂ ಮೇಲಿನವರಿಗೆ ನಿದ್ದೆ ಬರುತ್ತಿರಲಿಲ್ಲ. ಇಲ್ಲಿ ಇಪ್ಪತ್ತೈದು ಕಿಲೋ! ಅವನು ಹೊರಗೆ ಬರುವ ಮೊದಲೇ ಕೈ ಟೆಲಿಫೋನಿನ ಮೇಲಿತ್ತು.

ಲಕ್ಷ್ಮೀಪತಿ ಗಾಬರಿಯಿಂದ ಜೇಬಿನಿಂದ ಒಂದು ಪೊಟ್ಟಣ ತೆಗೆದ. "ಸಿಡಿಯೋದಲ್ಲ ಸಾರ್! ಮಾತ್ರೆ ಮೇಲೆ ಸಿಪ್ಪೆ ಇರುತ್ತಲ್ಲ, ಅದನ್ನ ಮಾಡೋ ಪುಡಿ. ದನದ ಮೂಳೆ, ಚರ್ಮ ಬೇಯಿಸಿ ತೆಗೀತಾರೆ."

ಪುಡಿ ಮುಟ್ಟಲು ಹೋಗಿದ್ದ ಏಕಾಂತಯ್ಯ ಕೈ ಹಿಂದಕ್ಕೆ ತೆಗೆದುಕೊಂಡು ಪಂಚೆಗೆ ಒರೆಸುವವರಂತೆ ಖಾಕಿ ಪ್ಯಾಂಟಿಗೆ ಒರೆಸಿಕೊಂಡರು.

"ಇದನ್ನ ಯಾರು ಕದೀತಾರೆ?" ಚನ್ನಕೇಶವ ಕೇಳಿದ.

"ಅದೇ ಗೊತ್ತಾಗ್ತಿಲ್ಲ ಸಾರ್. ಹೊರಗೆ ಮಾರಿದ್ರೆ ಕೊಳ್ಳೋರಿಲ್ಲ. ಯಾವಾಗ ಹೋಯ್ತೋ, ನಿನ್ನೆ ಸ್ಟಾಕ್ ಎಣಿಸಿದಾಗಲೇ ಗೊತ್ತಾದದ್ದು."

"ಬೀಗ ಒಡೆದಿದೆಯಾ?"

"ಇಲ್ಲ."

"ಕೀ ಯಾರ ಹತ್ರ ಇರುತ್ತೆ?"

"ಯಜಮಾನರ ಹತ್ರ ಒಂದು, ನನ್ನ ಹತ್ರ ಒಂದು. ಲ್ಯಾಬಿನಲ್ಲಿ ಒಬ್ಬರು ವಯಸ್ಸಾದೋರಿದಾರೆ, ಸರಕು ಪರೀಕ್ಷೆ ಮಾಡೋಕೆ. ಅವರ ಹತ್ರ ಒಂದು. ದೇವರಂಥ ಮನುಷ್ಯ ಸಾರ್, ಅವರನ್ನ ಕೇಳೋಕೇ ನಾಚಿಕೆ ಆಗುತ್ತೆ."

ನೌಕರರೇ ಮಾಡಿದ ಕಳವೆಂದು ಐಪಿಸಿ 381ರ ಪ್ರಕಾರ ಎಫ್‌ಐಆರ್ ದಾಖಲಾಯಿತು. ದೇವರಂಥ ಮನುಷ್ಯನ ಹೆಸರನ್ನು ಆ ದಿನ ಯಾರೂ ಬರೆದುಕೊಳ್ಳಲಿಲ್ಲ. ಇಬ್ಬರು ಗೇಟು ಕಾವಲುಗಾರರನ್ನು ಕರೆಸಿ ಗದರಿಸಿದ್ದಾಯಿತು. ಪ್ರಕರಣ ಅಲ್ಲಿಗೆ ತಣ್ಣಗಾಯಿತು.

ನವೆಂಬರ್ 19, ಶುಕ್ರವಾರ, ಹನ್ನೊಂದೂವರೆಗೆ ಮಲ್ಲತ್ತಹಳ್ಳಿಯ ಮುನಿತಾಯಮ್ಮ ಠಾಣೆಗೆ ಬಂದಳು. ಕೆರೆ ಪಕ್ಕದಲ್ಲಿ ಎರಡೆಕರೆ ತರಕಾರಿ ತೋಟದ ಒಡತಿ. ಐವತ್ತು ದಾಟಿದ ಗಟ್ಟಿ ಹೆಂಗಸು. ಅಂಥವಳು ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದಳು.

"ನನ್ನ ಪಂಪ್‌ಸೆಟ್ ಮನೇಲಿ ಯಾವನೋ ಮಾಟ ಮಾಡವ್ನೆ ಬುದ್ಧಿ."

"ಯಾರಮ್ಮ?"

"ಒಬ್ಬ ಅಯ್ಯನೋರು. ನಾಮ ಇಕ್ಕಂಡಿದ್ರು, ಕನ್ನಡಕ. ದಸರಾ ಆದ್ಮೇಲೆ ಬಂದು ಬಾಡಿಗೆಗೆ ಕೇಳಿದ್ರು. ಔಷಧಿ ಮಾಡ್ತೀನಮ್ಮ ಅಂದ್ರು. ಗಾಡೀಲಿ ಐಸು ತರಿಸೋರು. ಒಂದೊಂದ್ ದಿನ ಪಟಾಕಿ ಹೊಡ್ದಂಗೆ ಸದ್ದು. ದೀಪಾವಳಿ ಮುಗ್ದು ಇಷ್ಟ್ ದಿನ ಆದ್ರೂ ಇದೇನು ಅಂತ ಕೇಳ್ದೆ. ಕಾಗೆ ಓಡಿಸ್ತಿದೀನಿ ಅಂದ್ರು. ನೆನ್ನೆ ಬೀಗದ ಕೈ ಕೊಟ್ಟು, ಕೆಲಸ ಮುಗೀತಮ್ಮ, ಇನ್ನು ಬರಲ್ಲ ಅಂದ್ರು."

"ಸರಿ, ಒಳಗೇನು ನೋಡ್ದೆ?"

ಮುನಿತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಗಾಜಿನಂಥ ಮಾಂಸ ಬುದ್ಧಿ. ಅದಕ್ಕೆ ಇರುವೆ ಮುತ್ತವೆ. ಅದರ ಹಿಂದೆ ಒಂದು ಮಗು..."

ಜೀಪು ಮಲ್ಲತ್ತಹಳ್ಳಿ ಮುಟ್ಟಿತು. ಊರಿನ ಇಬ್ಬರನ್ನು ಪಂಚರನ್ನಾಗಿ ಕರೆದುಕೊಂಡು, ಒಂದೂ ಹತ್ತಕ್ಕೆ ಚನ್ನಕೇಶವ ಪಂಪ್‌ಸೆಟ್ ಮನೆಯ ಬಾಗಿಲು ತಳ್ಳಿದ.

ಮೊದಲು ಮೂಗಿಗೆ ಬಂದದ್ದು ಹಳಸಿದ ಸಾರಿನಂಥ ವಾಸನೆ. ಗೋಡೆಯ ಪಕ್ಕದಲ್ಲಿ ಸೀಮೆಎಣ್ಣೆ ಟಿನ್ನಿನಲ್ಲಿ ಎರೆದು ತೆಗೆದ ಚೌಕಟ್ಟಾದ ಗಟ್ಟಿಗಳು ಸಾಲಾಗಿದ್ದವು, ಐದು. ಬೆಲ್ಲದ ನೀರಿನ ಬಣ್ಣ. ಬೆಳಕಿಗೆ ಹಿಡಿದರೆ ಆಚೆಯ ಗೋಡೆ ಕಾಣುವಷ್ಟು ತಿಳಿ. ಪ್ರತಿಯೊಂದನ್ನೂ ಉದ್ದಕ್ಕೆ ಸೀಳಿ ನೋಡಲಾಗಿತ್ತು. ಒಳಗೆಲ್ಲ ಗುಂಡು ಹರಿದ ಸೀಳು, ಬಿರುಕು.

ಆರನೆಯದು ಕೋಣೆಯ ಕೊನೆಯಲ್ಲಿ, ಎತ್ತರದ ಮರದ ಸ್ಟೂಲಿನ ಮೇಲಿತ್ತು. ಅದರ ಬೆನ್ನಿಗೆ ಒತ್ತಿಕೊಂಡು, ಇನ್ನೊಂದು ಸ್ಟೂಲಿನ ಮೇಲೆ, ಒಂದು ಮಗು ಕೂತಿತ್ತು.

ಚನ್ನಕೇಶವ ಬಾಗಿಲಲ್ಲೇ ನಿಂತ. ಎರಡು ಹೆಜ್ಜೆ ಹತ್ತಿರ ಹೋದ ಮೇಲೆ ತಿಳಿಯಿತು, ಅದು ದಿಂಬು. ದಿಂಬಿಗೆ ಆರೇಳು ವರ್ಷದ ಹುಡುಗಿಯ ನೀಲಿ ಯೂನಿಫಾರಂ ಫ್ರಾಕು ತೊಡಿಸಲಾಗಿತ್ತು. ತೋಳುಗಳಿಗೆ ಬಟ್ಟೆ ತುರುಕಿ, ಮುಂದಿನ ಗಟ್ಟಿಯನ್ನು ತಬ್ಬಿಕೊಂಡಿರುವಂತೆ ದಾರದಿಂದ ಕಟ್ಟಲಾಗಿತ್ತು. ಫ್ರಾಕಿನ ಎದೆಯ ಮೇಲೆ ಮೂರು ತೂತು.

ಹದಿನೆಂಟು ವರ್ಷದ ನೌಕರಿಯಲ್ಲಿ ಅವನು ಎಷ್ಟೋ ಹೆಣಗಳನ್ನು ನೋಡಿದ್ದ. ಇಲ್ಲಿ ಹೆಣವಿರಲಿಲ್ಲ. ಆದರೂ ಪಂಚನಾಮೆಯಲ್ಲಿ ದಿಂಬು ಎಂದು ಬರೆಯುವ ಮೊದಲು ಇನ್ನೊಮ್ಮೆ ಮುಟ್ಟಿ ನೋಡಿದ. ಏಕಾಂತಯ್ಯ ಹೊರಗೆ ಹೋಗಿ ಬೇಲಿ ಹಿಡಿದು ನಿಂತರು. ಮನೆಯಲ್ಲಿ ಅದೇ ವಯಸ್ಸಿನ ಮೊಮ್ಮಗಳಿದ್ದಳು.

"ಕೂಸಿಗೆ ಹೊಡೆಯೋಕೆ ಅಭ್ಯಾಸ ಮಾಡಿದಾನೆ ಸಾರ್ ಮುಂಡೇಮಗ," ಎಂದರು ಅಲ್ಲಿಂದಲೇ.

ಪ್ರತಿ ಗಟ್ಟಿಯ ಬುಡದಲ್ಲಿ ಒಂದೊಂದು ಚೀಟಿ ಇತ್ತು. ಮುತ್ತಿನಂಥ ಅಕ್ಷರ. ಒಂದು: ದಾಟಿತು. ಎರಡು: ದಾಟಿತು. ಮೂರು: ದಾಟಿತು. ನಾಲ್ಕು: ದಾಟಲಿಲ್ಲ, ಏಳು ಇಂಚು. ಐದು: ದಾಟಲಿಲ್ಲ, ಆರೂಮುಕ್ಕಾಲು. ಆರು: ದಾಟಲಿಲ್ಲ, ಏಳು.

ನಾಲ್ಕೂವರೆಗೆ ವಿಧಿವಿಜ್ಞಾನ ಪ್ರಯೋಗಾಲಯದಿಂದ ಜಗದಾಂಬಾ ಎಂಬ ಅಧಿಕಾರಿ ಬಂದರು. ನಲವತ್ತರ ಆಸುಪಾಸು, ಮಾತು ಕಡಿಮೆ. ಸೆರಗು ಸಿಕ್ಕಿಸಿಕೊಂಡು ಕುಕ್ಕರುಗಾಲಿನಲ್ಲಿ ಕೂತು, ಉಕ್ಕಿನ ಸ್ಕೇಲಿನಿಂದ ಆರೂ ಗಟ್ಟಿಗಳನ್ನು ಅಳೆದರು. ಆಮೇಲೆ ಆರನೆಯದನ್ನು ಚಾಕುವಿನಿಂದ ಸೀಳಿ, ಒಳಗಿನಿಂದ ಒಂದು ಗುಂಡನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಪಾಯಿಂಟ್ ಮೂವತ್ತೆರಡರ ರಿವಾಲ್ವರ್ ಗುಂಡು. ಮೂತಿ ನೋಡಿ."

ಮೂತಿ ಅಣಬೆಯಂತೆ ಅರಳಿ ಅಗಲವಾಗಿತ್ತು.

"ಇದೆಲ್ಲ ಏನು ಮೇಡಂ?"

"ನಾವು ಲ್ಯಾಬಿನಲ್ಲಿ ಮಾಡೋದನ್ನೇ ಇಲ್ಲಿ ಮಾಡಿದಾನೆ, ನಮಗಿಂತ ಚೆನ್ನಾಗಿ. ಜೆಲಟಿನ್ ಪುಡೀನ ಬಿಸಿನೀರಲ್ಲಿ ಕದಡಿ ಐಸಿನಲ್ಲಿಟ್ರೆ ಹೀಗೆ ಗಟ್ಟಿ ಆಗುತ್ತೆ. ಮನುಷ್ಯನ ಮಾಂಸಖಂಡ ಗುಂಡನ್ನ ಎಷ್ಟು ತಡೆಯುತ್ತೋ, ಹೆಚ್ಚುಕಮ್ಮಿ ಅಷ್ಟೇ ಇದೂ ತಡೆಯುತ್ತೆ. ಗುಂಡು ಎಷ್ಟು ದೂರ ಹೋಗುತ್ತೆ, ಎಷ್ಟು ಅರಳುತ್ತೆ ಅಂತ ಇದರಲ್ಲಿ ನೋಡಬಹುದು. ಸೀಮೆಎಣ್ಣೆ ಟಿನ್ನಿನ ಅಗಲ ಒಂಬತ್ತು ಇಂಚು. ಸಾಧಾರಣ ಗಂಡಸಿನ ಎದೆಯಿಂದ ಬೆನ್ನಿಗೂ ಅಷ್ಟೇ."

"ಅಂದ್ರೆ ಮುಂದಿರೋದು..."

"ಗಂಡಸು. ಹಿಂದಿರೋದು ಮಗು. ಮೊದಲ ಮೂರು ಸಲ ಮಾಮೂಲಿ ಗುಂಡು, ಗಂಡಸನ್ನ ದಾಟಿ ಮಗುವಿಗೆ ತಗುಲ್ತು. ಆಮೇಲೆ ಗುಂಡಿನ ಮೂತೀನ ಏನೋ ತಿದ್ದಿದಾನೆ. ಒಳಗೆ ಹೋದ ತಕ್ಷಣ ಅರಳಿ ನಿಂತುಬಿಡೋ ಹಾಗೆ. ಮೂರು ಸಲ ನಿಲ್ತು. ಅಲ್ಲಿಗೆ ಕೆಲಸ ಮುಗೀತು ಅಂತ ಬೀಗದ ಕೈ ಕೊಟ್ಟ." ಜಗದಾಂಬಾ ಗುಂಡನ್ನು ಪೊಟ್ಟಣಕ್ಕೆ ಹಾಕಿದರು. "ಇವನಿಗೆ ಮಗೂನ ಕೊಲ್ಲೋ ಉದ್ದೇಶ ಇಲ್ಲ. ಮಗು ಉಳೀಬೇಕು. ಅದಕ್ಕೇ ಇಷ್ಟೆಲ್ಲ."

ಚನ್ನಕೇಶವ ಸ್ಟೂಲುಗಳ ಎತ್ತರ ನೋಡಿದ. ಒಂದರ ಹಿಂದೆ ಒಂದು, ತಬ್ಬಿಕೊಂಡ ಕೈ. ದಿನಾ ಬೆಳಗ್ಗೆ ವಿಜಯನಗರದ ರಸ್ತೆಯಲ್ಲಿ ನೋಡುವ ದೃಶ್ಯವೇ. ಸ್ಕೂಟರಿನ ಮೇಲೆ ಅಪ್ಪ, ಹಿಂದಿನ ಸೀಟಿನಲ್ಲಿ ಸ್ಕೂಲಿಗೆ ಹೊರಟ ಮಗಳು.

"ನಿಜವಾಗ್ಲೂ ನಿಲ್ಲುತ್ತಾ ಮೇಡಂ?"

"ಈ ಜೆಲ್ಲಿಗೆ ಮೂಳೆ ಇಲ್ಲ, ಶ್ವಾಸಕೋಶ ಇಲ್ಲ, ಮೈಮೇಲೆ ಅಂಗಿ ಇಲ್ಲ. ಅಂಗಿ ದಾರ ಮೂತಿಗೆ ಸಿಕ್ಕಿಕೊಂಡ್ರೂ ಸಾಕು, ಅರಳದೆ ನೇರ ಹೋಗಬಹುದು. ಮೂರು ಸಲ ನಿಂತಿದ್ದು ನಾಲ್ಕನೇ ಸಲಾನೂ ನಿಲ್ಲುತ್ತೆ ಅಂತ ನಾನು ಬರೆದುಕೊಡಲ್ಲ."

ಸಂಜೆ ಐದೂಮುಕ್ಕಾಲಿಗೆ ಲಕ್ಷ್ಮೀಪತಿ ಕಾರ್ಖಾನೆಯ ಗೇಟಿನಲ್ಲೇ ಸಿಕ್ಕ. ಈ ಸಲ ಚನ್ನಕೇಶವ ಒಂದೇ ಪ್ರಶ್ನೆ ಕೇಳಿದ. "ನಿಮ್ಮ ಲ್ಯಾಬಿನ ಹಿರಿಯರು ಮೊದಲು ಎಲ್ಲಿ ಕೆಲಸಕ್ಕಿದ್ರು?"

"ಸೇತುರಾಮ ಸಾರಾ? ಉತ್ತರದ ಕಡೆ ಯಾವುದೋ ಮದ್ದುಗುಂಡಿನ ಫ್ಯಾಕ್ಟರೀಲಿ. ಇಪ್ಪತ್ತಾರು ವರ್ಷ ಟೆಸ್ಟಿಂಗ್‌ನಲ್ಲಿದ್ದರಂತೆ." ಹೇಳುತ್ತ ಹೇಳುತ್ತ ಲಕ್ಷ್ಮೀಪತಿಯ ಮುಖ ಬಿಳಿಚಿಕೊಂಡಿತು. "ಅವರೇನು ಮಾಡಿದ್ರು ಸಾರ್? ಈ ವಾರ ಪೂರ್ತಿ ರಜಾ ಹಾಕಿದಾರೆ."

ಸೇತುರಾಮನ ಮನೆ ರಾಜಾಜಿನಗರದಲ್ಲೇ, ಬಾಗಿಲ ಮುಂದೆ ಸಣ್ಣ ರಂಗೋಲಿಯ ಪುಟ್ಟ ಮನೆ. ಹೆಂಡತಿ ಅನಂತಲಕ್ಷ್ಮಿ ಬಾಗಿಲು ತೆಗೆದರು. ಯಜಮಾನರು ನಿನ್ನೆ ಸಂಜೆ ಮೇಲುಕೋಟೆಗೆ ಹೋದರು, ಭಾನುವಾರ ಬರುತ್ತಾರೆ ಎಂದರು. ಲೈಸೆನ್ಸ್ ಇದ್ದ ರಿವಾಲ್ವರ್ ಟ್ರಂಕಿನಲ್ಲಿರಲಿಲ್ಲ. ಅದು ಅಲ್ಲಿಲ್ಲವೆಂಬುದು ಆಕೆಗೆ ಗೊತ್ತೇ ಇರಲಿಲ್ಲ.

ಚನ್ನಕೇಶವ ಕಾಗದದ ಚೀಲದಿಂದ ಫ್ರಾಕನ್ನು ಹೊರಗೆ ತೆಗೆದ. ಆಕೆ ಅದನ್ನು ನೋಡಿದರು, ಮುಟ್ಟಿದರು. ಬೆರಳು ತೂತಿನೊಳಗೆ ಹೋಯಿತು.

"ಇದು ನಾನು ಹೊಲಿದದ್ದು," ಎಂದರು. "ಮೊಮ್ಮಗಳಿಗೆ, ಜಲಜಂಗೆ. ಸ್ಕೂಲಿಗೆ ಸೇರಿದಾಗ. ಕೊಡೋಕೆ ಹೋದ್ರೆ ಅಳಿಯ ಬಾಗಿಲಲ್ಲೇ ವಾಪಸ್ ಕಳಿಸಿದ. ಇದೇನಿದು ತೂತು? ಮಗು ಎಲ್ಲಿ? ಮಗುವಿಗೆ ಏನಾಯ್ತು?"

"ಏನೂ ಆಗಿಲ್ಲ ಅಮ್ಮ. ನಿಮ್ಮ ಮಗಳು?"

ಆಕೆ ಗೋಡೆಯ ಕಡೆ ನೋಡಿದರು. ಹಾರ ಹಾಕಿದ ಪಟದಲ್ಲಿ ಇಪ್ಪತ್ತಾರರ ಹೆಂಗಸು ನಗುತ್ತಿದ್ದಳು. "ಅಲಮೇಲು. ಎರಡು ವರ್ಷ ಆಯ್ತು. ಸ್ಟೌ ಸಿಡೀತು ಅಂತ ಬರ್ಕೊಂಡ್ರು."

"ಯಾರು ಬರ್ಕೊಂಡದ್ದು?"

"ಪೊಲೀಸ್ನೋರು."

ಅಳಿಯ ಜಗನ್ನಾಥ ಆಮೇಲೆ ಬಸವೇಶ್ವರನಗರದ ಮನೆ ಬದಲಾಯಿಸಿದ್ದ. ಹೊಸ ವಿಳಾಸ ಆಕೆಗೆ ಗೊತ್ತಿಲ್ಲ. ಮಗುವನ್ನು ಬಿಡಲು ದಿನಾ ಸ್ಕೂಟರಿನಲ್ಲಿ ಬಸವೇಶ್ವರನಗರದ ಹಳೇ ಸ್ಕೂಲಿಗೇ ಬರುತ್ತಾನೆ. ಅಜ್ಜ ಅಲ್ಲೇ ರಸ್ತೆಯಲ್ಲಿ ನಿಂತು ಮೊಮ್ಮಗಳ ಮುಖ ನೋಡಿಕೊಂಡು ಬರುತ್ತಾರೆ. ಅಷ್ಟೇ ಗೊತ್ತು.

"ಶನಿವಾರ ಸ್ಕೂಲು ಎಷ್ಟೊತ್ತಿಗೆ?"

"ಎಂಟಕ್ಕೆ ಬೆಲ್ಲು."

ನವೆಂಬರ್ 20, ಶನಿವಾರ. ಏಳು ಗಂಟೆಗೇ ಚನ್ನಕೇಶವ, ಏಕಾಂತಯ್ಯ, ಇನ್ನಿಬ್ಬರು ಪೇದೆಗಳು ಮಫ್ತಿಯಲ್ಲಿ ಬಸವೇಶ್ವರನಗರದ ಆ ಸ್ಕೂಲಿನ ಸುತ್ತ ನಿಂತರು. ಸ್ಕೂಲಿಗೆ ಬರಲು ಎರಡು ದಾರಿ. ಜಗನ್ನಾಥ ಯಾವುದರಲ್ಲಿ ಬರುತ್ತಾನೋ ತಿಳಿಯದು. ಸ್ಕೂಟರಿನ ನಂಬರು ಸಿಕ್ಕಿರಲಿಲ್ಲ. ಮುದುಕ ರಾತ್ರಿಯೆಲ್ಲ ಎಲ್ಲಿದ್ದನೋ ಅದೂ ತಿಳಿಯದು. ಏಳೂವರೆಯಿಂದ ಮಕ್ಕಳು ಬರತೊಡಗಿದವು. ನೀಲಿ ಫ್ರಾಕು ಕಂಡಾಗಲೆಲ್ಲ ಚನ್ನಕೇಶವ ಹತ್ತಿರದಲ್ಲಿ ಮುದುಕರು ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದ.

ಏಳೂ ನಲವತ್ತೆಂಟಕ್ಕೆ ನೀರಿನ ಕೊಳವೆಗಾಗಿ ರಸ್ತೆ ಅಗೆದ ಜಾಗದಲ್ಲಿ, ಹೊಂಗೆಮರದ ಕೆಳಗೆ, ಪಂಚೆ ಉಟ್ಟ ಮುದುಕನೊಬ್ಬ ಬಂದು ನಿಂತ. ಹಣೆಯಲ್ಲಿ ನಾಮ. ಎಡಗೈಯಲ್ಲಿ ಬಟ್ಟೆಯ ಚೀಲ, ಬಲಗೈ ಚೀಲದೊಳಗೆ. ಅಗೆತದ ಮಣ್ಣಿನಿಂದಾಗಿ ಪ್ರತಿ ಗಾಡಿಯೂ ಅವನ ಮುಂದೆ ಬಂದು ನಿಧಾನವಾಗುತ್ತಿತ್ತು. ಅದನ್ನೂ ಅವನು ನೋಡಿಟ್ಟುಕೊಂಡಿದ್ದ.

ಚನ್ನಕೇಶವನಿಗೂ ಅವನಿಗೂ ನಡುವೆ ನಲವತ್ತು ಗಜ. ಓಡಿದರೆ ಮುದುಕ ಬೆದರಿ ಗುಂಡು ಹಾರಿಸಬಹುದು, ಸುತ್ತ ಮಕ್ಕಳು. ನಡೆದ. ಇಪ್ಪತ್ತು ಗಜ ಉಳಿದಾಗ ತಿರುವಿನಲ್ಲಿ ಹಸಿರು ಸ್ಕೂಟರು ಕಾಣಿಸಿತು. ಮುದುಕನ ಬೆನ್ನು ನೆಟ್ಟಗಾಯಿತು. ಚೀಲ ಮೇಲೇರಿತು.

ಚನ್ನಕೇಶವ ಓಡಿದ.

"ತಾತಾ!"

ಕೂಗು ಬಂದದ್ದು ಸ್ಕೂಟರಿನ ಹಿಂದಿನಿಂದಲ್ಲ, ಮುಂದಿನಿಂದ. ಆ ದಿನ ಹಿಂದಿನ ಸೀಟಿನ ಮೇಲೆ ರೇಷನ್ ಅಂಗಡಿಯ ಅಕ್ಕಿ ಮೂಟೆ ಕಟ್ಟಿತ್ತು. ಜಲಜಾ ಅಪ್ಪನ ಮುಂದೆ, ಹ್ಯಾಂಡಲಿನ ನಡುವೆ ಹಿಡಿದುಕೊಂಡು ನಿಂತಿದ್ದಳು. ಅವಳ ಎಣ್ಣೆ ಹಚ್ಚಿ ಬಾಚಿದ ತಲೆ ಸರಿಯಾಗಿ ಜಗನ್ನಾಥನ ಎದೆಯ ಎತ್ತರಕ್ಕೆ ಬರುತ್ತಿತ್ತು.

ಮುದುಕನ ಬಲಗೈಯನ್ನು ಚೀಲದ ಸಮೇತ ಚನ್ನಕೇಶವ ಎರಡೂ ಕೈಯಿಂದ ಹಿಡಿದು ನೆಲದ ಕಡೆಗೆ ಒತ್ತಿದ. ಒತ್ತುವ ಅಗತ್ಯವೇ ಇರಲಿಲ್ಲ. ಆ ಕೈಯಲ್ಲಿ ಜೀವವಿರಲಿಲ್ಲ. ಬೆರಳು ರಿವಾಲ್ವರಿನ ಟ್ರಿಗರಿನಿಂದ ಆಗಲೇ ಆಚೆ ಬಂದಿತ್ತು.

"ಮುಂದೆ ನಿಂತಿದಾಳೆ," ಎಂದ ಮುದುಕ, ಯಾರಿಗೂ ಅಲ್ಲದಂತೆ. "ಇವತ್ತು ಮುಂದೆ ನಿಂತಿದಾಳೆ."

ಜಗನ್ನಾಥ ಮಾವನನ್ನು ನೋಡಿ ಮುಖ ತಿರುಗಿಸಿ, ಮಣ್ಣಿನ ದಿಬ್ಬ ದಾಟಿಸಿ ಸ್ಕೂಟರನ್ನು ಜೋರು ಮಾಡಿದ. ಮಗು ಅಪ್ಪನ ತೋಳಿನ ಕೆಳಗಿಂದ ತಿರುಗಿ ಕೈ ಬೀಸುತ್ತಲೇ ಹೋಯಿತು. ದಸ್ತಗಿರಿಯ ಸಮಯ ಏಳೂ ಐವತ್ತೆರಡು ಎಂದು ಏಕಾಂತಯ್ಯ ಬರೆದುಕೊಂಡರು. 

ರಿವಾಲ್ವರಿನಲ್ಲಿ ಮೂತಿ ತಿದ್ದಿದ ಎರಡು ಗುಂಡುಗಳಿದ್ದವು. ಠಾಣೆಯಲ್ಲಿ ಸೇತುರಾಮ ಎಲ್ಲವನ್ನೂ ಒಪ್ಪಿಕೊಂಡ. ಜೆಲಟಿನ್ ತೆಗೆದದ್ದು, ಐಸು ತರಿಸಿದ್ದು, ಮೇಲುಕೋಟೆಗೆ ಹೋಗದೆ ಎರಡು ರಾತ್ರಿ ಸಿಟಿ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕಳೆದದ್ದು, ಶುಕ್ರವಾರ ಬೆಳಗ್ಗೆಯೂ ಕಾದು ಸ್ಕೂಟರು ಬಾರದೆ ಮರಳಿದ್ದು.

"ಮನೇಗೆ ಹೋಗಿ ಹೊಡೀಬಹುದಿತ್ತಲ್ಲ? ಆಫೀಸ್ ಹತ್ರ?"

"ಮನೆ ಎಲ್ಲಿ ಅಂತ ಗೊತ್ತಿಲ್ಲ. ಅವನು ನನಗೆ ಸಿಗೋದು ಆ ರಸ್ತೇಲಿ ಒಂದೇ. ಮಗೂನ ಬಿಟ್ಟು ವಾಪಸ್ ಹೋಗೋವಾಗ ಬೇರೆ ದಾರಿ ಹಿಡೀತಾನೆ. ನಲವತ್ತು ದಿನ ನೋಡಿದೀನಿ. ಅವಳು ಹಿಂದೆ ಕೂತು ಅವನ ಸೊಂಟ ತಬ್ಕೊಂಡು, ಕೆನ್ನೆ ಬೆನ್ನಿಗೆ ಇಟ್ಕೊಂಡಿರ್ತಾಳೆ. ಅದಕ್ಕೇ ಪರೀಕ್ಷೆ ಮಾಡ್ದೆ. ಮೂರು ಸಲ ನಿಂತ ಮೇಲೇ ಬಂದೆ."

"ಅಪ್ಪನ ರಕ್ತ ಅದೇ ಕೆನ್ನೆ ಮೇಲೆ ಬೀಳುತ್ತೆ ಅಂತ ಯೋಚನೆ ಮಾಡ್ಲಿಲ್ವಾ ಸ್ವಾಮಿ?"

ಸೇತುರಾಮ ತನ್ನ ಅಂಗೈ ನೋಡಿಕೊಂಡ. "ಆ ಲೆಕ್ಕ ಮಾಡ್ಲಿಲ್ಲ," ಎಂದ.

"ಅಳಿಯನೇ ಮಗಳನ್ನ ಸುಟ್ಟ ಅನ್ನೋಕೆ ಏನು ಆಧಾರ?"

"ಅಲಮೇಲು ಮನೇಲಿದ್ದದ್ದು ಬತ್ತಿ ಸ್ಟೌ. ನಾನೇ ಕೊಡಿಸಿದ್ದು. ಬತ್ತಿ ಸ್ಟೌಗೆ ಪಂಪ್ ಇಲ್ಲ, ಒಳಗೆ ಒತ್ತಡ ಇಲ್ಲ. ಅದು ಉರಿದು ಹೋಗಬಹುದು, ಸಿಡಿಯೋಕೆ ಸಾಧ್ಯ ಇಲ್ಲ. ಇಷ್ಟನ್ನೇ ಆರು ಸಲ ಅರ್ಜಿ ಬರೆದೆ. ಇಂಗ್ಲಿಷ್‌ನಲ್ಲಿ ಮೂರು, ಕನ್ನಡದಲ್ಲಿ ಮೂರು. ಚಿತ್ರ ಬರೆದು ತೋರಿಸಿದೆ. ಯಾರೂ ಕರೀಲಿಲ್ಲ." ಅವನು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದ. "ನೀವು ಬಂದಿದ್ರಿ ಆವತ್ತು. ನಿಮಗೆ ನೆನಪಿಲ್ಲ ಅನ್ನಿಸುತ್ತೆ."

ಚನ್ನಕೇಶವನಿಗೆ ನಿಜಕ್ಕೂ ನೆನಪಿರಲಿಲ್ಲ. 1974ರಲ್ಲಿ ಅವನು ಇದೇ ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದ. ಮಧ್ಯಾಹ್ನ ಎರಡಕ್ಕೆ ದಫ್ತರಖಾನೆಯಿಂದ ಅಸಹಜ ಸಾವಿನ ಆ ಫೈಲನ್ನು ತರಿಸಿದ. ಮೂರು ಪುಟದ ಪಂಚನಾಮೆ, ಅವನದೇ ಕೈಬರಹ. ಎರಡನೇ ಪುಟದ ನಡುವೆ, "ಅಡುಗೆಮನೆಯ ನೆಲದ ಮೇಲೆ ಹತ್ತು ಬತ್ತಿಯ ಸ್ಟೌ ಒಂದು ಇದ್ದು, ಅದು ಸುಸ್ಥಿತಿಯಲ್ಲಿರುತ್ತದೆ." ಅದರ ಮುಂದಿನ ಸಾಲು, "ಸದರಿ ಸ್ಟೌ ಸಿಡಿದು ಬೆಂಕಿ ತಗುಲಿ ಮೃತಳು ಸತ್ತಿರುವುದಾಗಿ ಕಂಡುಬರುತ್ತದೆ." ಕೆಳಗೆ ಅವನದೇ ಸಹಿ. ಫೈಲಿನ ಹಿಂಬದಿಯಲ್ಲಿ ಆರು ಅರ್ಜಿಗಳು ದಾರ ಪೋಣಿಸಿಕೊಂಡು ಕೂತಿದ್ದವು. ಒಂದರ ಮೇಲೂ ಓದಿದ ಗುರುತಿರಲಿಲ್ಲ.

ಸುಸ್ಥಿತಿಯಲ್ಲಿದ್ದ ಸ್ಟೌ ಸಿಡಿದಿತ್ತು. ಎರಡು ಸಾಲು, ಒಂದೇ ಕೈ, ಒಂದೇ ಶಾಯಿ. ಮಧ್ಯೆ ಉಸಿರು ತೆಗೆದುಕೊಳ್ಳುವಷ್ಟು ಜಾಗವೂ ಇರಲಿಲ್ಲ. ಅವನು ಆ ಪುಟವನ್ನು ಮತ್ತೆ ಮತ್ತೆ ಓದಿದ. ಏಕಾಂತಯ್ಯ ತಂದಿಟ್ಟ ಚಹಾ ತಣ್ಣಗಾಗಿ ಕೆನೆ ಕಟ್ಟಿತು.

ಸೋಮವಾರ ಅವನು ಅಲಮೇಲು ಸಾವಿನ ಮರುತನಿಖೆಗೆ ಅನುಮತಿ ಕೋರಿ ಮ್ಯಾಜಿಸ್ಟ್ರೇಟರಿಗೆ ಬರೆದ. ಮೊದಲ ತನಿಖೆಯಲ್ಲಿ ತನ್ನಿಂದಲೇ ತಪ್ಪಾಗಿದೆ, ಆದ್ದರಿಂದ ಬೇರೆ ಅಧಿಕಾರಿಗೆ ವಹಿಸಬೇಕು ಎಂದೂ ಸೇರಿಸಿದ. ಜಗನ್ನಾಥನಿಗೆ ನೋಟಿಸು ಹೋಯಿತು. ಅವನ ಕಡೆಯ ವಕೀಲರು ಅಂದೇ ಬಂದರು. ಎರಡು ವರ್ಷದ ಹಿಂದಿನ ಅಡುಗೆಮನೆಯಲ್ಲಿ ಈಗ ಬೇರೆಯವರ ಒಲೆ ಉರಿಯುತ್ತಿತ್ತು. ಆ ಪ್ರಕರಣ ಎಲ್ಲಿಗೆ ಮುಟ್ಟುತ್ತದೋ ಯಾರಿಗೂ ಹೇಳಲಾಗುತ್ತಿರಲಿಲ್ಲ.

ಡಿಸೆಂಬರ್ 14ರಂದು ಸೇತುರಾಮನ ಮೇಲಿನ ದೋಷಾರೋಪಣ ಪಟ್ಟಿ ಸಿದ್ಧವಾಯಿತು. ಆರೋಪಿಯ ಉದ್ದೇಶ ಎಂಬ ಕಡೆ ಚನ್ನಕೇಶವ ಒಂದೇ ವಾಕ್ಯ ಬರೆದಿದ್ದ: "ಮಗಳ ಸಾವಿನ ಬಗ್ಗೆ ಆರೋಪಿ ಕೊಟ್ಟ ಆರು ಅರ್ಜಿಗಳನ್ನು ಈ ಠಾಣೆಯಲ್ಲಿ ಯಾರೂ ಓದಲಿಲ್ಲ."

ಮೇಲಧಿಕಾರಿ ಕರೆಸಿದರು. "ಏನ್ರೀ ಇದು? ಹಳೇ ದ್ವೇಷ ಅಂತ ಬರೀರಿ. ಎರಡು ಪದ, ಮುಗೀತು."

"ಎರಡು ಪದದಲ್ಲಿ ಮುಗಿಸಿ ಒಂದು ಸಲ ನೋಡಿದೀನಿ ಸಾರ್," ಎಂದ ಚನ್ನಕೇಶವ, ಮತ್ತು ಆ ವಾಕ್ಯದ ಕೆಳಗೆ ಸಹಿ ಹಾಕಿದ.